ಲೇತಿಗೆ ಸಿಗದ ಹಕ್ಕಿ: ವರ್ಕ್‌ಶಾಪ್ ನಡೆಸುವ ಗೆಳೆಯನಿಗೊಂದು ಪತ್ರ

ಗೆಳೆಯಾ,

ಶಿಲ್ಪಿ ಬ್ರಾಂಕುಸಿಯ ‘ಬರ್ಡ್ ಇನ್ ಸ್ಪೇಸ್’ ಎಂಬ ಹಕ್ಕಿಶಿಲ್ಪದ ಚಿತ್ರ ನೋಡಿ ನೀನು ಕಳಿಸಿದ ಉತ್ತರ ಓದಿದೆ. ‘ಒಂದು ಗನ್‌ಮೆಟಲ್ ರಾಡ್ ಕೊಡು, ಲೇತಿಗೆ ಕಟ್ಟಿ ಸಂಜೆಯೊಳಗೆ ಇಂಥ ಹಕ್ಕಿ ಎರಡು ಇಳಿಸಿ ಕೊಡ್ತೀನಿ. ನಮ್ಮ ಹೊಯ್ಸಳರು ಕಲ್ಲಿನ ಕಂಬಾನೇ ತಿರುಗಿಸಿ ನಿಲ್ಲಿಸಿದ್ದಾರೆ, ಇದೇನು ಮಹಾ?’ ಅಂತ ಬರೆದಿದ್ದೀಯ. ಪೀಣ್ಯದಲ್ಲಿ ದಿನವಿಡೀ ಲೋಹದ ಜೊತೆ ಗುದ್ದಾಡುವವನು ಹಾಗೆ ಕೇಳಿದರೆ ತಪ್ಪಿಲ್ಲ. 1926ರಲ್ಲಿ ನ್ಯೂಯಾರ್ಕಿನ ಕಸ್ಟಮ್ಸ್‌ನವರಿಗೂ ಹೆಚ್ಚುಕಡಿಮೆ ಇದೇ ಅನುಮಾನ ಬಂದು, ವಿಷಯ ಕೋರ್ಟಿಗೇ ಹೋಯಿತು. ಕಲೆಯ ಮಾತು ಆಮೇಲೆ. ಮೊದಲು ನಿನ್ನ ಕಸುಬಿನ ಭಾಷೆಯಲ್ಲೇ ಉತ್ತರ ಕೊಡುತ್ತೇನೆ.

ಲೇತು ಎಂದರೆ ತುಂಡನ್ನು ಒಂದೇ ಅಕ್ಷದ ಸುತ್ತ ತಿರುಗಿಸಿ ಕಡೆಯುವ ಯಂತ್ರ. ಬೇಲೂರು, ಹಳೇಬೀಡಿನ ಆ ದುಂಡು ಕಂಬಗಳನ್ನು ಯಾವ ಎತ್ತರದಲ್ಲಿ ಅಡ್ಡ ಕೊಯ್ದರೂ ಸಿಗುವುದು ವೃತ್ತವೇ. ಗಂಟೆಯಾಕಾರವಿರಲಿ, ಬಳೆಯಂಥ ಪಟ್ಟಿಗಳಿರಲಿ, ಎಲ್ಲಕ್ಕೂ ಒಂದೇ ಅಕ್ಷ. ಬಳಪದ ಕಲ್ಲು ಮೆದುವಾದ್ದರಿಂದ ಉಳಿಯೂ ಹಿಡಿಯುತ್ತದೆ. ಈ ಹಕ್ಕಿಗೆ ಅಂಥ ಅಕ್ಷವೇ ಇಲ್ಲ. ಚಿತ್ರವನ್ನು ಇನ್ನೊಮ್ಮೆ ತೆಗೆದು ನೋಡು, ಸಾಧ್ಯವಾದರೆ ಪಕ್ಕದಿಂದ ತೆಗೆದದ್ದನ್ನು. ಕೆಳಗೆ ಶಂಕುವಿನಂಥ ಪಾದ, ಅದರ ಮೇಲೆ ಬಹಳ ಸಪೂರವಾದ ಕಣಕಾಲು, ಅಲ್ಲಿಂದ ನಿಧಾನಕ್ಕೆ ಉಬ್ಬಿ ಮತ್ತೆ ತೆಳುವಾಗುವ ಮೈ. ಎದೆಯ ಕಡೆಯ ಉಬ್ಬು ಬೆನ್ನಿನ ಕಡೆ ಇಲ್ಲ. ತುದಿಯಲ್ಲಿ ಕೊಕ್ಕು, ತಲೆ ಯಾವುದೂ ಇಲ್ಲದೆ ಓರೆಯಾಗಿ ಕೊಯ್ದ ಒಂದು ಮುಖ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿರುವ 1928ರ ಕಂಚಿನ ಹಕ್ಕಿಯ ಅಳತೆ ಎತ್ತರ 137.2 ಸೆಂ.ಮೀ., ಅಗಲ 21.6, ದಪ್ಪ 16.5. ಲೇತಿನ ಜಾಬ್ ಆಗಿದ್ದರೆ ಕೊನೆಯ ಎರಡು ಅಳತೆ ಒಂದೇ ಇರಬೇಕಿತ್ತು.

‘ಹಾಗಾದರೆ ಸಿಎನ್‌ಸಿಗೆ, ಕಂಪ್ಯೂಟರ್ ನಡೆಸುವ ಯಂತ್ರಕ್ಕೆ ಹಾಕ್ತೀನಿ’ ಅನ್ನುತ್ತೀಯ. ಹಾಕು. ಆದರೆ ಪ್ರೋಗ್ರಾಂ ಬರೆಯಲು ಗೆರೆ ಮೊದಲೇ ಗೊತ್ತಿರಬೇಕು. ಬ್ರಾಂಕುಸಿಗೆ ಆ ಗೆರೆ ಡ್ರಾಯಿಂಗಿನಲ್ಲಿ ಸಿಗಲಿಲ್ಲ, ಅರದ ತುದಿಯಲ್ಲಿ ಸಿಕ್ಕಿತು. ಈ ಹೆಸರಿನ ಹಕ್ಕಿಗಳು ಒಟ್ಟು ಹದಿನಾರು, ಏಳು ಅಮೃತಶಿಲೆಯವು, ಒಂಬತ್ತು ಕಂಚಿನವು. 1923ರಿಂದ 1940ರ ದಶಕದವರೆಗೆ ಮಾಡುತ್ತಲೇ ಇದ್ದ. ಒಂದರಂತೆ ಇನ್ನೊಂದಿಲ್ಲ. ಒಂದರ ಕಣಕಾಲು ಉದ್ದ, ಇನ್ನೊಂದರ ಎದೆ ಕೊಂಚ ಮೇಲೆ. ಇದಕ್ಕೂ ಹಿಂದೆ, 1910ರ ಸುಮಾರಿಗೆ, ‘ಮೈಯಾಸ್ತ್ರಾ’ ಎಂಬ ಹಕ್ಕಿಯಿಂದ ಶುರುಮಾಡಿದ್ದ. ಅದು ರುಮೇನಿಯಾದ ಜನಪದ ಕತೆಯ ಮಾಯಾಪಕ್ಷಿ. ದುಂಡು ಹೊಟ್ಟೆ, ತೆರೆದ ಕೊಕ್ಕು, ನೋಡಿದರೆ ಹಕ್ಕಿಯೆಂದು ಯಾರಿಗಾದರೂ ಗೊತ್ತಾಗುತ್ತದೆ. ಅಲ್ಲಿಂದ ಕೊಕ್ಕು ಹೋಯಿತು, ಕಾಲು ಹೋಯಿತು, ಹೊಟ್ಟೆ ಕರಗಿತು. ಹತ್ತು ಹನ್ನೆರಡು ವರ್ಷ ಹಿಡಿದ ಈ ಕಳೆಯುವ ಕೆಲಸವನ್ನು ‘ಸರಳ’ ಎಂದು ಒಂದೇ ಮಾತಲ್ಲಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ.

ಆಸಾಮಿ ಎಲ್ಲಿಯವನು ಅಂತ ಕೇಳಿದ್ದೆಯಲ್ಲ. ಕಾನ್‌ಸ್ಟಾಂಟಿನ್ ಬ್ರಾಂಕುಸಿ ಹುಟ್ಟಿದ್ದು 1876ರ ಫೆಬ್ರವರಿ 19ರಂದು, ರುಮೇನಿಯಾದ ಗೋರ್ಜ್ ಸೀಮೆಯ ಹೋಬಿತ್ಸಾ ಎಂಬ ಹಳ್ಳಿಯಲ್ಲಿ. ಬಡ ರೈತರ ಮನೆ. ಮೊದಲು ಕಲಿತದ್ದು ಕ್ರಯೋವಾ ಊರಿನ ಕೈಕಸುಬಿನ ಶಾಲೆಯಲ್ಲಿ, ಮರಗೆಲಸ. ಆಮೇಲೆ ಬುಕಾರೆಸ್ಟಿನ ಲಲಿತಕಲಾ ಶಾಲೆ. ಅಲ್ಲಿ ವೈದ್ಯ ಗೆರೋಟಾ ಅವರ ಮಾರ್ಗದರ್ಶನದಲ್ಲಿ ಚರ್ಮ ತೆಗೆದ ಮನುಷ್ಯದೇಹದ ಮಾದರಿಯೊಂದನ್ನು ಸ್ನಾಯು ಸ್ನಾಯು ಬಿಡಿಸಿ ಮಾಡಿದ. ವೈದ್ಯವಿದ್ಯಾರ್ಥಿಗಳ ಪಾಠಕ್ಕೆ ಬರುವಷ್ಟು ಕರಾರುವಾಕ್ಕಾಗಿತ್ತು ಅದು. ‘ಮೂಗು ಕಣ್ಣು ಬಿಡಿಸಲು ಬಾರದವರು ಹೀಗೆ ಮಾಡುತ್ತಾರೆ’ ಎನ್ನುವವರಿಗೆ ಇದೊಂದನ್ನು ತೋರಿಸಿದರೆ ಸಾಕು. 1904ರಲ್ಲಿ ಪ್ಯಾರಿಸ್ ಸೇರಿದ, ದಾರಿಯ ಬಹುಪಾಲು ನಡೆದೇ. ಹೋಟೆಲಿನಲ್ಲಿ ಪಾತ್ರೆ ತೊಳೆದು ಓದಿದ. 1907ರಲ್ಲಿ ಆಗಿನ ಹೆಸರಾಂತ ಶಿಲ್ಪಿ ರೋಡಾನ ಕಾರ್ಖಾನೆ ಸೇರಿ ಸ್ವಲ್ಪ ದಿನಕ್ಕೇ ಬಿಟ್ಟ. ದೊಡ್ಡ ಮರದ ಕೆಳಗೆ ಏನೂ ಬೆಳೆಯುವುದಿಲ್ಲ ಅಂದನಂತೆ.

ರೋಡಾನನ್ನು ಬಿಟ್ಟದ್ದರಲ್ಲಿ ಅಹಂಕಾರಕ್ಕಿಂತ ಕೆಲಸದ ಕ್ರಮದ ಜಗಳ ಕಾಣುತ್ತದೆ ನನಗೆ. ಆಗಿನ ಪದ್ಧತಿ ಹೀಗಿತ್ತು: ಶಿಲ್ಪಿ ಜೇಡಿಮಣ್ಣಿನಲ್ಲಿ ಮಾದರಿ ಮಾಡುತ್ತಾನೆ, ಪ್ಲಾಸ್ಟರಿಗೆ ಇಳಿಸುತ್ತಾರೆ, ಸಹಾಯಕರು ಅಳತೆಯ ಚುಕ್ಕಿಗಳನ್ನು ಯಂತ್ರದಿಂದ ಕಲ್ಲಿಗೆ ದಾಟಿಸಿ ಕೆತ್ತುತ್ತಾರೆ, ಫೌಂಡ್ರಿಯವರು ಎರಕ ಹೊಯ್ದು ಬಣ್ಣ ಕೂರಿಸುತ್ತಾರೆ. ಹೆಸರು ಒಬ್ಬನದು, ಕೈ ಹತ್ತು ಜನರದು. ಬ್ರಾಂಕುಸಿ ಅಲ್ಲಿಂದ ಬಂದವನೇ ಕಲ್ಲಿಗೆ ನೇರವಾಗಿ ಉಳಿ ಇಟ್ಟ. 1907-08ರ ‘ಚುಂಬನ’ದಲ್ಲಿ ಒಂದೇ ಕಲ್ಲಿನ ದಿಮ್ಮಿಯಲ್ಲಿ ಎರಡು ಜೀವ ಅಪ್ಪಿಕೊಂಡಿವೆ. ದಿಮ್ಮಿಯ ಚೌಕಾಕಾರ ಇನ್ನೂ ಹಾಗೇ ಉಳಿದಿದೆ.

ಕಂಚಿಗೆ ಮಾತ್ರ ಫೌಂಡ್ರಿ ಬೇಕೇ ಬೇಕು. ಅಲ್ಲಿ ಅವನು ಏನು ಮಾಡಿದ ಎಂಬುದು ಕೋರ್ಟಿನ ಮೊಕದ್ದಮೆಗಾಗಿ ಅವನೇ ಕೊಟ್ಟ ಹೇಳಿಕೆಯಲ್ಲಿದೆ. ಪ್ಲಾಸ್ಟರ್ ಮಾದರಿಯನ್ನು ತಾನೇ ಮಾಡಿ ಎರಕದವನಿಗೆ ಕೊಟ್ಟ, ಜೊತೆಗೆ ಮಿಶ್ರಲೋಹದ ಪಾಕವನ್ನೂ ಬರೆದುಕೊಟ್ಟ. ಒರಟು ಎರಕ ಕೈಗೆ ಬಂದ ಮೇಲೆ ಗಾಳಿಯ ತೂತುಗಳನ್ನೂ ಕೋರಿನ (ಎರಕದ ಒಳಗು ಟೊಳ್ಳಾಗಲು ಅಚ್ಚಿನಲ್ಲಿಡುವ ತಿರುಳಿನ) ತೂತನ್ನೂ ಮುಚ್ಚಿದ, ದೋಷಗಳನ್ನು ತಿದ್ದಿದ, ಅರದಿಂದಲೂ ಅತಿ ನಯವಾದ ಎಮೆರಿ ಎಂಬ ಉಜ್ಜುಪುಡಿಯಿಂದಲೂ ಉಜ್ಜಿದ. ಎಲ್ಲವನ್ನೂ ಕೈಯಿಂದ, ಒಬ್ಬನೇ. ಈ ಕೊನೆಯ ಕೆಲಸ ಇಡೀ ಶಿಲ್ಪವನ್ನು ಮೊದಲಿನಿಂದ ಮತ್ತೆ ಮಾಡಿದಷ್ಟೇ ಎಂದು ಹೇಳಿದ್ದಾನೆ.

ಈ ಮಾತು ಉತ್ಪ್ರೇಕ್ಷೆಯಲ್ಲ ಎನ್ನುವುದು ನಿನಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು. ಪತ್ರ ಬೇರೆಯವರೂ ಓದುತ್ತಾರಾದ್ದರಿಂದ ಬಿಡಿಸಿಯೇ ಬರೆಯುತ್ತೇನೆ. ಅಚ್ಚು ಒಡೆದಾಗ ಬರುವ ಎರಕದ ಮೇಲೆ ಸಿಪ್ಪೆಯಂಥ ಒರಟು ಪದರ, ರೈಸರಿನ (ಹೆಚ್ಚುವರಿ ಲೋಹ ತುಂಬಿ ನಿಲ್ಲುವ ಕೊಳವೆಯ) ಮೊಂಡು, ಅಚ್ಚು ಕೂಡಿದಲ್ಲಿ ಏಣು. ಮೊದಲು ಒರಟು ಅರದಿಂದ ಇದನ್ನೆಲ್ಲ ಕೆಳಗಿಳಿಸಬೇಕು. ಆಮೇಲೆ ನಯ ಅರ, ಉದ್ದಕ್ಕೆ ಎಳೆದು. ಆಮೇಲೆ ಎಮೆರಿ, ಒರಟಿನಿಂದ ನಯಕ್ಕೆ ಒಂದೊಂದೇ ಮೆಟ್ಟಿಲು. ಪ್ರತಿ ಮೆಟ್ಟಿಲಲ್ಲೂ ಹಿಂದಿನದಕ್ಕೆ ಅಡ್ಡವಾಗಿ ಉಜ್ಜಿದರೆ ಹಳೆಯ ಗೀರು ಉಳಿದಿದೆಯೋ ಹೋಗಿದೆಯೋ ಕಾಣುತ್ತದೆ. ಆತುರಪಟ್ಟು ಒಂದು ಮೆಟ್ಟಿಲು ಹಾರಿದರೆ ಆ ಗೀರು ಕೊನೆಯ ಹೊಳಪಿನಲ್ಲಿ ಎದ್ದುಬರುತ್ತದೆ. ಆಗ ಎರಡು ಮೆಟ್ಟಿಲು ಕೆಳಗಿಳಿದು ಮತ್ತೆ ಬರಬೇಕು.

ತೊಂದರೆಗಳಲ್ಲಿ ಮೊದಲನೆಯದು ಸೂಜಿತೂತು. ಕರಗಿದ ಲೋಹದಲ್ಲಿ ಸಿಕ್ಕಿಕೊಂಡ ಗಾಳಿ, ಅಥವಾ ಆರುವಾಗ ಲೋಹ ಕುಗ್ಗಿ ಒಳಗೆ ಉಳಿದ ಟೊಳ್ಳು, ಸಿಪ್ಪೆಯ ಕೆಳಗೆ ಅಡಗಿರುತ್ತದೆ. ಅರ ಹಾಕಿದಂತೆ ಮೇಲೆ ಬರುತ್ತದೆ. ಬಟ್ಟೆಯ ಚಕ್ರಕ್ಕೆ ಒಡ್ಡಿದರಂತೂ ಪ್ರತಿ ತೂತಿನ ಹಿಂದೆಯೂ ಒಂದೊಂದು ಬಾಲ ಎಳೆಯುತ್ತದೆ. ತೂತನ್ನು ಕೊರೆದು, ಲೋಹದ ಗೂಟ ಬಡಿದು, ಮತ್ತೆ ಅರ ಹಾಕಬೇಕು. ಗೂಟ ಬೇರೆ ಪಾಕದ್ದಾದರೆ ಉಜ್ಜಿದ ದಿನ ಗೊತ್ತಾಗುವುದಿಲ್ಲ. ಗಾಳಿಗೆ ಮೈ ಮಾಸತೊಡಗಿದಾಗ ಆ ಜಾಗ ಮಾತ್ರ ಬೇರೆ ಬಣ್ಣಕ್ಕೆ ತಿರುಗಿ ಬೊಟ್ಟಿಟ್ಟ ಹಾಗೆ ಕಾಣುತ್ತದೆ. ಬ್ರಾಂಕುಸಿ ಮಿಶ್ರಲೋಹದ ಪಾಕವನ್ನು ತಾನೇ ಕೊಡುತ್ತಿದ್ದುದಕ್ಕೆ ಬಣ್ಣವೊಂದೇ ಅಲ್ಲ, ಇದೂ ಕಾರಣವಿರಬಹುದು ಅಂತ ನನ್ನ ಊಹೆ. ಸಾಮಾನ್ಯ ಕಂಚಿನ ಪ್ರತಿಮೆಗಳಲ್ಲಿ ಆಮ್ಲ ಹಚ್ಚಿ ಕಾಯಿಸಿ ಕೂರಿಸುವ ಕಂದು ಹಸಿರು ಬಣ್ಣದಡಿ ಇಂಥ ನೂರು ತೇಪೆ ಮುಚ್ಚಿಹೋಗುತ್ತವೆ. ಹಕ್ಕಿಗೆ ಅವನು ಆ ಬಣ್ಣವನ್ನೇ ಬೇಡವೆಂದ.

ಎರಡನೆಯದು ಇನ್ನೂ ಕಷ್ಟದ್ದು. ಎಮೆರಿಯ ಮಂಕು ಹಂತದವರೆಗೂ ಮೈ ಚೆನ್ನಾಗಿಯೇ ಕಾಣುತ್ತದೆ. ಕನ್ನಡಿಯ ಹೊಳಪು ಬಂದ ಗಳಿಗೆಯಲ್ಲಿ ಎಲ್ಲ ಬಯಲಾಗುತ್ತದೆ. ಕಾರಣ ಸರಳ ಭೌತಶಾಸ್ತ್ರ: ಕನ್ನಡಿ ಒಂದು ಡಿಗ್ರಿ ವಾಲಿದರೆ ಅದರಿಂದ ಹೊರಡುವ ಬೆಳಕು ಎರಡು ಡಿಗ್ರಿ ಹೊರಳುತ್ತದೆ. ಅರ ಒಂದು ಕಡೆ ಸ್ವಲ್ಪ ಹೆಚ್ಚು ಹೊತ್ತು ನಿಂತು ಮಾಡಿದ, ಬೆರಳಿಗೂ ಸಿಗದ ತಗ್ಗು, ಪ್ರತಿಬಿಂಬದಲ್ಲಿ ಮುರಿದ ಗೆರೆಯಾಗಿ ನಿಲ್ಲುತ್ತದೆ. ಕಿಟಕಿಯ ಚೌಕಟ್ಟು ಹಕ್ಕಿಯ ಮೈಮೇಲೆ ಉದ್ದಕ್ಕೂ ಎಲ್ಲೂ ತಡವರಿಸದೆ ಹರಿಯಬೇಕು. ಕಾರಿನ ಬಾಡಿ ಪರೀಕ್ಷಿಸುವವರು ಟ್ಯೂಬ್‌ಲೈಟಿನ ಸಾಲು ಬಿಟ್ಟು ನೋಡುವುದು ಇದನ್ನೇ ಅಲ್ಲವೇ? ತಿದ್ದಲು ತಗ್ಗನ್ನು ತುಂಬುವಂತಿಲ್ಲ. ಸುತ್ತಲಿನ ಮೈಯನ್ನೆಲ್ಲ ಅದರ ಮಟ್ಟಕ್ಕೆ ಇಳಿಸಬೇಕು, ಎಂದರೆ ಗೆರೆಯೇ ಬದಲಾಗುತ್ತದೆ. ಒಂದೇ ಪ್ಲಾಸ್ಟರಿನಿಂದ ಹೊರಟರೂ ಎರಡು ಎರಕಗಳು ಎರಡು ಹಕ್ಕಿಗಳಾಗುವುದು ಹೀಗೆ.

ಮೂರನೆಯದು ತುದಿಯ ಓರೆಮುಖ. ಅದು ಮೈಯನ್ನು ಸೇರುವ ಅಂಚು ಚೂಪಾಗಿರಬೇಕು. ಮೆತ್ತನೆಯ ಬಟ್ಟೆ ಚಕ್ರ ಮೊದಲು ತಿನ್ನುವುದೇ ಅಂಚನ್ನು. ಅಂಚು ದುಂಡಾಯಿತೋ, ಹಾರುವ ಹಕ್ಕಿ ಹೋಗಿ ಒನಕೆ ಉಳಿಯುತ್ತದೆ. ಅಲ್ಲಿ ಗಟ್ಟಿ ಹಿಡಿಯ ಹಿಂದೆ ಎಮೆರಿ ಇಟ್ಟು ಕೈಯಲ್ಲೇ ಉಜ್ಜದೆ ಗತಿಯಿಲ್ಲ.

ಇನ್ನು ಆ ಕಸ್ಟಮ್ಸ್ ಜಗಳ. 1926ರ ಅಕ್ಟೋಬರಿನಲ್ಲಿ ಬ್ರಾಂಕುಸಿಯ ಶಿಲ್ಪಗಳು ಪ್ರದರ್ಶನಕ್ಕೆಂದು ಹಡಗಿನಲ್ಲಿ ನ್ಯೂಯಾರ್ಕಿಗೆ ಬಂದವು, ಜೊತೆಯಲ್ಲಿ ಅವನ ಕಲಾವಿದ ಗೆಳೆಯ ಮಾರ್ಸೆಲ್ ಡ್ಯುಶಾಂ. ಅಮೆರಿಕದ 1922ರ ಸುಂಕದ ಕಾಯಿದೆಯಲ್ಲಿ ಮೂಲ ಶಿಲ್ಪಕ್ಕೆ ಸುಂಕವಿರಲಿಲ್ಲ. ಛಾಯಾಗ್ರಾಹಕ ಎಡ್ವರ್ಡ್ ಸ್ಟೈಕೆನ್ ಕೊಂಡಿದ್ದ ಕಂಚಿನ ಹಕ್ಕಿಯನ್ನು ಅಧಿಕಾರಿಗಳು ಶಿಲ್ಪವೆಂದು ಒಪ್ಪಲಿಲ್ಲ. ಅಡಿಗೆಮನೆ ಸಾಮಾನು, ಆಸ್ಪತ್ರೆ ಸಲಕರಣೆ ಬರುವ ಲೋಹದ ವಸ್ತುಗಳ ಪಟ್ಟಿಗೆ ಹಾಕಿ ಬೆಲೆಯ ಶೇ. 40ರಷ್ಟು ಸುಂಕ ಹೇರಿದರು. ವಾದ ಎರಡು ಕವಲಾಯಿತು. ಇದು ಹಕ್ಕಿಯ ಹಾಗಿದೆಯೇ ಎನ್ನುವುದು ಒಂದು. ಪತ್ರಿಕೆಗಳೆಲ್ಲ ಹಿಡಿದದ್ದು ಅದನ್ನೇ. ಇದು ವೃತ್ತಿಪರ ಶಿಲ್ಪಿಯ ಕೈಯ ಮೂಲಕೃತಿಯೋ ಕಾರ್ಖಾನೆಯ ಮಾಲೋ ಎನ್ನುವುದು ಇನ್ನೊಂದು, ಎಂದರೆ ನಿನ್ನ ಪ್ರಶ್ನೆ. ಅರ ಎಮೆರಿಯ ಹೇಳಿಕೆ ಬಂದದ್ದು ಅದಕ್ಕೇ. ಒಳ್ಳೆಯ ಮೆಕ್ಯಾನಿಕ್ ಒಬ್ಬ ಇದನ್ನು ಮಾಡಲಾರನೇ ಅಂತ ಸಾಕ್ಷಿಗಳನ್ನೂ ಕೇಳಿದರು. ಉಜ್ಜಿ ಹೊಳಪು ಕೊಡಬಲ್ಲ, ಕಲ್ಪಿಸಲಾರ ಎನ್ನುವ ಧಾಟಿಯ ಉತ್ತರ ಬಂತು. 1928ರ ನವೆಂಬರಿನಲ್ಲಿ ನ್ಯಾಯಾಧೀಶ ವೇಟ್ ತೀರ್ಪು ಬ್ರಾಂಕುಸಿಯ ಕಡೆ ಕೊಟ್ಟರು. ಹೊಸ ಪಂಥದ ಕಲೆಯೊಂದು ಬೆಳೆಯುತ್ತಿದೆ, ನಮಗೆ ಹಿಡಿಸಲಿ ಬಿಡಲಿ, ಅದಿದೆ ಎನ್ನುವುದನ್ನು ಗಣಿಸಬೇಕು ಎಂಬುದು ಅದರ ಸಾರ. ಆ ಸಾಕ್ಷಿಯ ಉತ್ತರ ನನಗೆ ಅರ್ಧ ಮಾತ್ರ ಹಿಡಿಸುತ್ತದೆ. ಕಲ್ಪನೆ ಬೇರೆ, ಉಜ್ಜುವುದು ಬೇರೆ ಎಂಬಂತಿದೆ ಅದು. ಈ ಮನುಷ್ಯ ಕಲ್ಪಿಸಿದ್ದೇ ಉಜ್ಜುತ್ತ ಉಜ್ಜುತ್ತ.

ಈ ಹಕ್ಕಿ ಇಂಡಿಯಾಕ್ಕೂ ಬಂದಿತ್ತು. ಇಂದೋರಿನ ಮಹಾರಾಜ ಯಶವಂತರಾವ್ ಹೋಳ್ಕರ್ ಒಂದು ಕಂಚಿನ ಹಕ್ಕಿ ಕೊಂಡು, ಆಮೇಲೆ ಬಿಳಿ ಅಮೃತಶಿಲೆಯಲ್ಲೊಂದು, ಕಪ್ಪಿನಲ್ಲೊಂದು ತರಿಸಿಕೊಂಡ. ಮೂರನ್ನೂ ಇರಿಸಲು ಕಿಟಕಿ ಬಾಗಿಲಿಲ್ಲದ, ಒಳಗೆ ನೀರಿನ ಕೊಳವಿರುವ, ನೆಲದಡಿಯ ದಾರಿಯಿಂದ ಹೋಗಬೇಕಾದ ಧ್ಯಾನಮಂದಿರವೊಂದರ ಯೋಜನೆಯಾಯಿತು. ಮೇಲಿನ ಒಂದೇ ಕಿಂಡಿಯಿಂದ ಬಿಸಿಲು ಹಕ್ಕಿಯ ಮೇಲೆ ಬೀಳಬೇಕು. 1938ರ ಆರಂಭದಲ್ಲಿ ಬ್ರಾಂಕುಸಿ ಇಂದೋರಿಗೇ ಬಂದ. ಅದಕ್ಕೂ ಮುಂಚೆ 1937ರಲ್ಲಿ ರಾಣಿ ಸಂಯೋಗಿತಾ ತೀರಿಕೊಂಡಿದ್ದರು, ರಾಜನಿಗೆ ಅದರ ಕಡೆ ಮನಸ್ಸಿರಲಿಲ್ಲ. ಮಂದಿರ ಏಳಲಿಲ್ಲ. ಆ ಕಪ್ಪು ಬಿಳುಪು ಹಕ್ಕಿಗಳು ಈಗ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿವೆ, ಕಂಚಿನದು ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ. ಕಲ್ಲಿನ ಹಕ್ಕಿಗೆ ಕಣಕಾಲೇ ಗಂಡಾಂತರ. ಅಮೃತಶಿಲೆ ಭಾರವನ್ನು ಎಷ್ಟಾದರೂ ಹೊರುತ್ತದೆ, ಬಾಗಿಸಿದರೆ ತಡೆಯುವುದಿಲ್ಲ. ಮೇಲಿನ ಮೈ ಪಕ್ಕಕ್ಕೆ ಸ್ವಲ್ಪ ತಳ್ಳಿಸಿಕೊಂಡರೂ ಎಲ್ಲ ಒತ್ತಡ ಬಂದು ಬೀಳುವುದು ಆ ಸಣ್ಣ ಜಾಗದ ಮೇಲೆ.

ಬ್ರಾಂಕುಸಿ ತನ್ನ ಕೈಯಲ್ಲೇ ಉಜ್ಜಿ ಮುಗಿಸಲಾರದಂಥ ದೊಡ್ಡ ಕೆಲಸವನ್ನೂ ಮಾಡಿದ. ನಿನ್ನಂಥವನಿಗೆ ಹಕ್ಕಿಗಿಂತ ಇದೇ ಹೆಚ್ಚು ಹಿಡಿಸಬಹುದು. ಅವನ ಸೀಮೆಯ ತಿರ್ಗು ಜಿಯು ಊರಿನಲ್ಲಿ, 1916ರ ಯುದ್ಧದಲ್ಲಿ ಸತ್ತ ಸೈನಿಕರ ನೆನಪಿಗೆ ನಿಲ್ಲಿಸಿದ ‘ಕೊನೆಯಿಲ್ಲದ ಕಂಬ’. ಮಾಡಿಸಿದವರು ಅರೇತಿಯಾ ತತರೆಸ್ಕು ಅವರ ಮುಂದಾಳುತನದ ಗೋರ್ಜ್ ಮಹಿಳೆಯರ ಸಂಘ. ನದಿಯ ದಡದಲ್ಲಿ ಹನ್ನೆರಡು ಕಲ್ಲಿನ ಪೀಠಗಳ ನಡುವೆ ‘ಮೌನದ ಮೇಜು’, ಮುಂದೆ ‘ಚುಂಬನದ ದ್ವಾರ’, ಊರು ದಾಟಿ ಆಚೆ ತುದಿಯಲ್ಲಿ ಕಂಬ. 1938ರ ಅಕ್ಟೋಬರ್ 27ರಂದು ಉದ್ಘಾಟನೆಯಾಯಿತು.

ಎತ್ತರ 29.3 ಮೀಟರ್. ತುದಿ ಮೊಟಕಾದ ಎರಡು ಪಿರಮಿಡ್ಡುಗಳನ್ನು ಬುಡಕ್ಕೆ ಬುಡ ಕೂಡಿಸಿದಂಥ ಒಂದೇ ಆಕಾರದ ತುಂಡು ಮತ್ತೆ ಮತ್ತೆ ಬರುತ್ತದೆ. ತುಂಡಿನ ಸೊಂಟ 45 ಸೆಂ.ಮೀ., ಹೊಟ್ಟೆ 90, ಎತ್ತರ 180. ಒಂದಕ್ಕೆ ಎರಡು, ಎರಡಕ್ಕೆ ನಾಲ್ಕು. ಪೂರ್ತಿ ತುಂಡುಗಳು ಹದಿನೈದು, ಬುಡದಲ್ಲಿ ಅರ್ಧ, ತುದಿಯಲ್ಲಿ ಅರ್ಧ. ಜಾಣತನವಿರುವುದು ಆ ಎರಡು ಅರ್ಧಗಳಲ್ಲಿ. ಬುಡದಲ್ಲಿ ಪೂರ್ತಿ ತುಂಡಿದ್ದಿದ್ದರೆ ಕಂಬ ‘ಇಲ್ಲಿಂದ ಶುರು’ ಅನ್ನುತ್ತಿತ್ತು. ತುದಿಯಲ್ಲಿ ಪೂರ್ತಿಯಾಗಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಈಗ ಎರಡೂ ಕಡೆ ಕಡಿದಂತಿರುವುದರಿಂದ ಕಣ್ಣು ಮುಂದುವರಿಸಿಕೊಂಡು ಹೋಗುತ್ತದೆ. ಇದನ್ನು ಅವನು ಒಂದೇ ಸಲಕ್ಕೆ ಕಂಡುಕೊಂಡದ್ದಲ್ಲ. 1918ರಲ್ಲೇ ಓಕ್ ಮರದಲ್ಲಿ ಎರಡು ಮೀಟರಿನ ಕಂಬ ಕೆತ್ತಿದ್ದ. ಆಮೇಲೆ ಸ್ಟೈಕೆನ್‌ನ ತೋಟದಲ್ಲಿ ಪಾಪ್ಲರ್ ಮರದ್ದು, ಏಳು ಮೀಟರಿಗೂ ಎತ್ತರ.

ಎಂಜಿನಿಯರ್ ಷ್ಟೆಫಾನ್ ಜಾರ್ಜೆಸ್ಕು-ಗೋರ್ಜಾನ್. ತುಂಡುಗಳನ್ನು ಎರೆದದ್ದು ಪೆತ್ರೊಷಾನಿಯ ಕಲ್ಲಿದ್ದಲು ಸೀಮೆಯ ಕಾರ್ಯಾಗಾರದಲ್ಲಿ. ಎರಕದ ಪ್ಯಾಟರ್ನಿಗಾಗಿ ಪೂರ್ಣ ಅಳತೆಯ ಮರದ ತುಂಡನ್ನು ಬ್ರಾಂಕುಸಿಯೇ ಅಲ್ಲಿಗೆ ಹೋಗಿ ಕೆತ್ತಿದ. ಕ್ರಯೋವಾ ಶಾಲೆಯ ಬಡಗಿತನ ಅಲ್ಲಿ ಕೈಹಿಡಿಯಿತು. ತುಂಡುಗಳು ಬೀಡುಕಬ್ಬಿಣದವು, ಒಳಗೆ ಟೊಳ್ಳು. ಕಾಂಕ್ರೀಟಿನ ತಳಪಾಯದಿಂದ ಎದ್ದ ಚೌಕನೆಯ ಉಕ್ಕಿನ ಬೆನ್ನುಕಂಬಕ್ಕೆ ಅವನ್ನು ಮೇಲಿನಿಂದ ಒಂದೊಂದಾಗಿ ಇಳಿಬಿಟ್ಟರು. ಗಾಳಿಗೆ ಎದೆಯೊಡ್ಡುವುದು ಬೆನ್ನುಕಂಬ, ಹೊರಗಿನದು ಅಂಗಿ. 45 ಸೆಂ.ಮೀ. ಸೊಂಟಕ್ಕೆ 29.3 ಮೀಟರ್ ಎಂದರೆ ಅಗಲದ ಅರವತ್ತೈದು ಪಟ್ಟು ಎತ್ತರ. ಬೀಡುಕಬ್ಬಿಣವನ್ನೇ ನಂಬಿ ನಿಲ್ಲಿಸಿದ್ದರೆ ಬಾಗುವ ಮೊದಲೇ ಬಿರಿಯುತ್ತಿತ್ತು. 1950ರ ದಶಕದ ಕಮ್ಯುನಿಸ್ಟ್ ಆಡಳಿತದಲ್ಲಿ ಇದನ್ನು ಗುಜರಿಗೆ ಹಾಕಲೆಂದು ಟ್ರ್ಯಾಕ್ಟರ್ ಕಟ್ಟಿ ಎಳೆಸಿದರಂತೆ, ಬೀಳಲಿಲ್ಲ.

ಕೈಕೊಟ್ಟದ್ದು ಮೈಯ ಬಣ್ಣ. ಹಳದಿ ಹೊಳಪಿಗಾಗಿ ಬೀಡುಕಬ್ಬಿಣದ ಮೇಲೆ ಕರಗಿದ ಹಿತ್ತಾಳೆಯನ್ನು ಸಿಂಪಡಿಸಿದ್ದರು. ಹೀಗೆ ಸಿಂಪಡಿಸಿದ ಪದರದಲ್ಲಿ ಸಣ್ಣ ರಂಧ್ರಗಳು ಉಳಿಯುತ್ತವೆ. ಮಳೆನೀರು ಅಲ್ಲಿಂದ ಇಳಿದರೆ ಎರಡು ಲೋಹಗಳ ನಡುವೆ ಬ್ಯಾಟರಿಯಂತೆ ಕರೆಂಟು ಹರಿದು, ಸೋಲುವುದು ಯಾವಾಗಲೂ ಕಬ್ಬಿಣ. ತುಕ್ಕು ಒಳಗಿನಿಂದ ಉಬ್ಬಿ ಹಿತ್ತಾಳೆಯನ್ನು ಎಬ್ಬಿಸುತ್ತದೆ. ಮೇಲೆ ಮತ್ತೆ ಹಿತ್ತಾಳೆ ಹೊಡೆದರೆ ಕೆಲವು ವರ್ಷದಲ್ಲಿ ಅದೇ ಪಾಡು. 1996ರಲ್ಲಿ ತುಂಡುಗಳನ್ನೆಲ್ಲ ಇಳಿಸಿ, 2000ನೇ ಇಸವಿಯ ಹೊತ್ತಿಗೆ ದುರಸ್ತಿ ಮುಗಿಸಿ ಮತ್ತೆ ಏರಿಸಿದರು. 2024ರಲ್ಲಿ ಇಡೀ ಸ್ಮಾರಕ ಯುನೆಸ್ಕೊ ಪಟ್ಟಿಗೆ ಸೇರಿತು.

ಬ್ರಾಂಕುಸಿ 1957ರ ಮಾರ್ಚ್ 16ರಂದು ಪ್ಯಾರಿಸಿನಲ್ಲಿ ತೀರಿಕೊಂಡ. ಸ್ಟುಡಿಯೋವನ್ನು ಇದ್ದ ಹಾಗೆಯೇ ಉಳಿಸಬೇಕೆಂದು ಫ್ರೆಂಚ್ ಸರ್ಕಾರಕ್ಕೆ ಬರೆದಿಟ್ಟಿದ್ದ: 137 ಶಿಲ್ಪ, 87 ಪೀಠ, 41 ರೇಖಾಚಿತ್ರ, ಅವನೇ ತೆಗೆದ ಫೋಟೋಗಳ ಪ್ಲೇಟು, ಪ್ರಿಂಟು ಸೇರಿ 1600ಕ್ಕೂ ಹೆಚ್ಚು. ಪೀಠಗಳನ್ನು ಬೇರೆ ಎಣಿಸಿದ್ದನ್ನು ಗಮನಿಸು. ಕಲ್ಲು, ಮರ ಕೆತ್ತಿ ಒಂದರ ಮೇಲೊಂದು ಪೇರಿಸಿದ ಆ ಪೀಠಗಳಿಗೂ ಅವನು ಶಿಲ್ಪದಷ್ಟೇ ಬೆಲೆ ಕೊಟ್ಟಿದ್ದ. ಒಂದು ಶಿಲ್ಪ ಮಾರಾಟವಾದರೆ ಅದರ ಜಾಗದಲ್ಲಿ ಪ್ಲಾಸ್ಟರ್ ಪ್ರತಿ ಇಡುತ್ತಿದ್ದ, ಸುತ್ತಲಿನ ಜೋಡಣೆ ಕೆಡಬಾರದೆಂದು. ಅವನು ಸತ್ತ ಮೇಲೆ ಹೊಯ್ದ ಎರಕಗಳೂ ಮಾರುಕಟ್ಟೆಯಲ್ಲಿವೆ. ಕಾನೂನಿನ ಪ್ರಕಾರ ಅವೇನೇ ಇರಲಿ, ಅವನ ಹೇಳಿಕೆಯ ಪ್ರಕಾರವೇ ಅರ್ಧ ಕೆಲಸ ಆಗದವು. ನನ್ನ ಲೆಕ್ಕಕ್ಕೆ ಅವು ಬರುವುದಿಲ್ಲ.

ಸ್ಟುಡಿಯೋವನ್ನು ಪಾಂಪಿಡೂ ಕೇಂದ್ರದ ಎದುರು ರೆನ್ಜೋ ಪಿಯಾನೊ 1997ರಲ್ಲಿ ಮತ್ತೆ ಕಟ್ಟಿಕೊಟ್ಟಿದ್ದಾರೆ. ಆದರೆ ಕೇಂದ್ರ ಸದ್ಯ ನವೀಕರಣಕ್ಕೆ ಮುಚ್ಚಿದೆ, 2030ಕ್ಕೆ ತೆರೆಯುವ ಯೋಜನೆ. ಹಾಗಾಗಿ ಮಗಳನ್ನು ನೋಡಲು ಅಮೆರಿಕಕ್ಕೆ ಹೋದಾಗ ನ್ಯೂಯಾರ್ಕಿನದನ್ನೇ ನೋಡು. ಎದುರಿಗೆ ನಿಂತು ಮುಗಿಸಬೇಡ, ಮೊದಲು ಪಕ್ಕಕ್ಕೆ ಹೋಗಿ ಎದೆಯ ಗೆರೆ ನೋಡು, ಆಮೇಲೆ ಛಾವಣಿಯ ದೀಪವೊಂದನ್ನು ಅದರ ಮೈಮೇಲೆ ಹಿಡಿದು, ನಿಧಾನಕ್ಕೆ ಸುತ್ತು ಬಾ. ಗೆರೆ ಎಲ್ಲಾದರೂ ಮುರಿದರೆ ನನಗೆ ಬರೆ.

ನಿನ್ನನ್ನು ಕೇಳಬೇಕಾದದ್ದೂ ಒಂದಿದೆ. ಕೋರಿನ ತೂತನ್ನು ಕಣ್ಣಿಗೆ ಕಾಣದಂತೆ ಮುಚ್ಚಲು ಥ್ರೆಡ್ ಹಾಕಿದ ಗೂಟ ಒಳ್ಳೆಯದೋ, ಓರೆಯಾಗಿ ತಾಸಿ ಬಡಿದು ಕೂರಿಸಿದ ಗೂಟವೋ? ಗನ್‌ಮೆಟಲ್‌ನಲ್ಲಿ ನೀನು ಯಾವುದನ್ನು ಹಾಕುತ್ತೀಯ? ಪುರುಸೊತ್ತಾದಾಗ ಬರೆ.

ನಿನ್ನ ಗೆಳೆಯ